ವಿದೇಶಯಾನದ ಪೂರ್ವಸಿದ್ಧತೆ: ಬುತ್ತಿಯಿಂದ ರಹದಾರಿಯವರೆಗೆ

1905ನೆಯ ಇಸವಿಯಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ಪಂಡಿತರಾದ ಆರ್. ಶಾಮಶಾಸ್ತ್ರಿಗಳ ಕೈಸೇರಿದ ಓಲೆಯ ಗ್ರಂಥವೊಂದು ಭಾರತದ ಪ್ರಾಚೀನ ರಾಜ್ಯಾಡಳಿತದ ವಿಷಯದಲ್ಲಿ ವಿದ್ವಾಂಸರ ಕಣ್ಣು ತೆರೆಯಿಸಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. 1909ರಲ್ಲಿ ಅಚ್ಚಾಗಿ ಹೊರಬಂದ ಆ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನ ಪ್ರಸ್ತಾಪವಿದೆ. ಒಂದು ಮಾಷದ ಬೆಲೆಗೆ ಮುದ್ರೆಯನ್ನು ಒತ್ತಿಕೊಡುವುದು ಇವನ ಕೆಲಸ. ಮುದ್ರೆಯುಳ್ಳವನು ಜನಪದವನ್ನು ಪ್ರವೇಶಿಸಬಹುದು, ಅದರಿಂದ ಹೊರಗೆ ಹೋಗಬಹುದು. ಮುದ್ರೆಯಿಲ್ಲದೆ ಹೋಗಿಬರುವ ನಾಡಿಗನಿಗೆ ಹನ್ನೆರಡು ಪಣಗಳ ದಂಡ. ಕೂಟಮುದ್ರೆಯನ್ನು ತೋರಿಸಿದವನಿಗೆ ಅದಕ್ಕಿಂತ ಹೆಚ್ಚಿನ ದಂಡ. ಗೋಮಾಳಗಳನ್ನು ನೋಡಿಕೊಳ್ಳುವ ವಿವೀತಾಧ್ಯಕ್ಷನೇ ದಾರಿಯಲ್ಲಿ ಈ ಮುದ್ರೆಗಳನ್ನು ಪರೀಕ್ಷಿಸತಕ್ಕವನು. ಇಂದಿನ ವಿಮಾನನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕುಳಿತು ಪುಟ ತಿರುವಿ ಮೊಹರು ಒತ್ತುವ ಅಧಿಕಾರಿಯು ಈ ಇಬ್ಬರ ವಂಶದವನೆಂದರೆ ತಪ್ಪಾಗಲಾರದು.

ಆದುದರಿಂದ ಪರದೇಶಕ್ಕೆ ಹೋಗತಕ್ಕವನು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ನಿಯಮವು ನಿನ್ನೆ ಮೊನ್ನೆಯದಲ್ಲ. ಆದರೆ ಅಂದಿನಿಂದ ಇಂದಿನವರೆಗೂ ಅದು ಒಂದೇ ತೆರನಾಗಿ ನಡೆದುಬಂದಿತೆಂದು ತಿಳಿಯಬಾರದು. ನಡುವೆ ಸಿದ್ಧತೆಯೆಂಬುದರ ಅರ್ಥವೇ ಎರಡು ಮೂರು ಸಲ ಮಾರ್ಪಟ್ಟಿದೆ. ಹಡಗಿನ ಕಾಲದಲ್ಲಿ ಪ್ರಯಾಣಿಕನು ಸಿದ್ಧಪಡಿಸಿಕೊಳ್ಳಬೇಕಾಗಿದ್ದುದು ಮುಖ್ಯವಾಗಿ ತನ್ನ ದೇಹವನ್ನೂ ಆಚಾರವನ್ನೂ. ವಿಮಾನದ ಕಾಲದಲ್ಲಿ ಅವನು ಸಿದ್ಧಪಡಿಸಿಕೊಳ್ಳಬೇಕಾದುದು ತನ್ನ ಪತ್ರಗಳನ್ನು. ಮತ್ತೊಂದು ವೈಚಿತ್ರ್ಯವೇನೆಂದರೆ, ದಾರಿಯ ಕಾಲವು ಕುಗ್ಗಿದಂತೆಲ್ಲ ಸಿದ್ಧತೆಯ ಕಾಲವು ಬೆಳೆಯುತ್ತ ಬಂದಿದೆ. ಮೂರು ವಾರಗಳ ಸಮುದ್ರಯಾನವು ಒಂದು ಹಗಲಿನ ಆಕಾಶಯಾನವಾಗಿದೆ. ಆ ಒಂದು ಹಗಲಿಗೆ ಆರು ತಿಂಗಳು ಮೊದಲೇ ಸೊಂಟ ಕಟ್ಟಬೇಕಾಗಿದೆ. ಇದು ಹೇಗಾಯಿತೆಂಬುದನ್ನು ವಿಚಾರಿಸುವುದು ಗೃಹಸ್ಥರಿಗೆ ಪ್ರಯೋಜನಕರವಾದೀತು.

ಮೊದಲು ಹಡಗಿನ ಕಾಲವನ್ನು ನೋಡೋಣ. ಬೌಧಾಯನ ಧರ್ಮಸೂತ್ರದಲ್ಲಿ ಸಮುದ್ರಸಂಯಾನವು ಪತನೀಯಗಳ, ಎಂದರೆ ಜಾತಿಭ್ರಂಶಕ್ಕೆ ಕಾರಣವಾಗುವ ಕರ್ಮಗಳ, ಪಟ್ಟಿಯಲ್ಲಿಯೇ ಸೇರಿದೆ. ಹೀಗಿದ್ದುದರಿಂದ ಹತ್ತೊಂಬತ್ತನೆಯ ಶತಮಾನದ ಹಿಂದೂ ಗೃಹಸ್ಥನು ವಿಲಾಯತಿಗೆ ಹೊರಡುವುದಕ್ಕೆ ಮುಂಚೆ ಸರ್ಕಾರದ ಅಪ್ಪಣೆಗಿಂತ ಹೆಚ್ಚಾಗಿ ತನ್ನ ಕುಲದ ಹಿರಿಯರ ಅಪ್ಪಣೆಯನ್ನು ಚಿಂತಿಸಬೇಕಾಗಿದ್ದಿತು. 1888ನೆಯ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಮೋಹನದಾಸ ಗಾಂಧಿಯವರನ್ನು ಅವರ ಮೋಢ ಬನಿಯಾ ಪಂಗಡದ ಪ್ರಮುಖರು ಬಹಿಷ್ಕರಿಸಿದರು. ತಾಯಿಗೆ ಕೊಟ್ಟ ಮೂರು ವಚನಗಳೇ ಆ ತರುಣನ ದೊಡ್ಡ ರಹದಾರಿಯಾಗಿದ್ದುವು. ಉಡುಪಿನ ವಿಷಯದಲ್ಲಿಯಾದರೋ ಅವರು ಸಾಕಷ್ಟು ವಿಚಾರಿಸಿರಲಿಲ್ಲ. ಇಂಗ್ಲೆಂಡಿನ ನೆಲದ ಮೇಲೆ ಕಾಲಿಡುವಾಗ ತೊಡಬೇಕೆಂದು ಕಾಪಾಡಿಟ್ಟಿದ್ದ ಬಿಳಿಯ ಫ್ಲಾನೆಲ್ ಉಡುಪನ್ನು ಧರಿಸಿ ಇಳಿದರು. ಅದು ಸೆಪ್ಟೆಂಬರಿನ ಕೊನೆ. ಬಿಳಿಯ ಬಟ್ಟೆ ತೊಟ್ಟವರು ಅಲ್ಲಿ ತಾವೊಬ್ಬರೇ ಎಂಬುದು ಆಗ ಗೊತ್ತಾಯಿತು. ಈ ನಾಚಿಕೆಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹೋಗುವ ದೇಶದ ಋತುವನ್ನು ಮೊದಲೇ ತಿಳಿಯದೆ ಪೆಟ್ಟಿಗೆ ಕಟ್ಟುವವರಿಗೆ ಈ ಪ್ರಸಂಗವು ಇಂದಿಗೂ ಪಾಠವಾಗಿದೆ.

ಆಚಾರದ ಸಿದ್ಧತೆಯು ಎಷ್ಟರ ಮಟ್ಟಿಗೆ ಹೋಗಬಹುದೆಂಬುದಕ್ಕೆ ಜಯಪುರದ ಮಹಾರಾಜ ಎರಡನೆಯ ಸವಾಯಿ ಮಾಧೋಸಿಂಹರ ದೃಷ್ಟಾಂತವನ್ನು ಮೀರಿದುದು ಇನ್ನೊಂದಿಲ್ಲ. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಲಂಡನ್ನಿಗೆ ಹೊರಟ ಈ ಅರಸರು 'ಒಲಿಂಪಿಯಾ' ಎಂಬ ಹಡಗೊಂದನ್ನೇ ಗೊತ್ತುಮಾಡಿಕೊಂಡರು. ಪರದೇಶದ ನೀರನ್ನು ಮುಟ್ಟಬಾರದೆಂದು ಗಂಗೋದಕವನ್ನು ತುಂಬಿಸಿದ ಬೃಹತ್ತಾದ ಬೆಳ್ಳಿಯ ಪಾತ್ರೆಗಳನ್ನು ಹಡಗಿನಲ್ಲಿರಿಸಿಕೊಂಡರು. ಒಂದೊಂದು ಪಾತ್ರೆಯ ತೂಕ ಸುಮಾರು 345 ಕಿಲೋಗ್ರಾಂ. ಒಂದೊಂದರಲ್ಲಿ ಹಿಡಿಯುವ ನೀರು 4000 ಲೀಟರಿಗೂ ಮಿಕ್ಕುದು. ಆ ಪಾತ್ರೆಗಳನ್ನು ಜಯಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು. 2006ನೆಯ ಆಗಸ್ಟಿನಲ್ಲಿ ಲಂಡನ್ನಿನ ಪೊಲೀಸರು ದ್ರವರೂಪದ ಸ್ಫೋಟಕಗಳ ಸಂಚೊಂದನ್ನು ಬಯಲಿಗೆಳೆದ ಮೇಲೆ, ಜಗತ್ತಿನ ಬಹುತೇಕ ವಿಮಾನನಿಲ್ದಾಣಗಳಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಸೀಸೆಯನ್ನು ಒಯ್ಯಲು ಬಿಡದಂತಹ ಕಟ್ಟಳೆ ಬಂದಿತು. ಅರಸನ ಆ ಕೊಪ್ಪರಿಗೆಗೂ ಇಂದಿನ ಯಾತ್ರಿಕನ ಅಂಗೈಯಗಲದ ಸೀಸೆಗೂ ನಡುವೆ ಕಳೆದುದು ಒಂದು ಶತಮಾನ ಮಾತ್ರ.

ಹಡಗಿನ ಆ ಕಾಲದಲ್ಲಿ ಪತ್ರಗಳ ತೊಡಕು ಬಹಳ ಕಡಮೆಯಾಗಿದ್ದಿತು. 1914ಕ್ಕೆ ಮೊದಲು ಯೂರೋಪಿನ ಬಹುಭಾಗದಲ್ಲಿ ರಹದಾರಿಯಿಲ್ಲದೆಯೇ ಸಂಚರಿಸಬಹುದಾಗಿತ್ತು. ಒಂದನೆಯ ಮಹಾಯುದ್ಧವು ಶತ್ರುಭಯದಿಂದ ಗಡಿಗಳನ್ನೆಲ್ಲ ಮುಚ್ಚಿಸಿತು. ಯುದ್ಧ ಮುಗಿದರೂ ಬಾಗಿಲುಗಳು ಮೊದಲಿನಂತೆ ತೆರೆಯಲಿಲ್ಲ. 1920ನೆಯ ಅಕ್ಟೋಬರಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ಕೂಡಿದ ಸಮ್ಮೇಳನವು ಎಲ್ಲ ದೇಶಗಳ ರಹದಾರಿಯೂ 32 ಪುಟಗಳ ಒಂದೇ ಮಾದರಿಯ ಪುಸ್ತಕವಾಗಿರಬೇಕೆಂದು ಗೊತ್ತುಮಾಡಿತು. ಅದೇ 1920ರಲ್ಲಿ ಭಾರತದಲ್ಲಿಯೂ, ಒಳಗೆ ಬರುವವರಲ್ಲಿ ರಹದಾರಿ ಇರಬೇಕೆಂಬ ಶಾಸನವಾಯಿತು. ಯುದ್ಧಕಾಲದ ತಾತ್ಕಾಲಿಕ ಏರ್ಪಾಡೆಂದು ಬಂದ ಈ ಪುಸ್ತಕವು ಹೀಗೆ ಶಾಶ್ವತವಾಗಿ ನೆಲೆಯೂರಿತು.

ಇದಾದ ಒಂಬತ್ತು ವರ್ಷಗಳಿಗೆ ವಿಮಾನವು ಬಂದಿತು. 1929ನೆಯ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನಿಂದ ಕರಾಚಿಗೆ ವಾಯುಮಾರ್ಗವನ್ನು ಆರಂಭಿಸಿತು. ಏಳು ದಿನಗಳ ದಾರಿ. ಒಂದು ಕಡೆಯ ದರ 130 ಪೌಂಡು. ಲಂಡನ್ನಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾದವರೆಗೆ ರೈಲು, ಅನಂತರ ಅಲೆಗ್ಸಾಂಡ್ರಿಯಾದವರೆಗೆ ನೀರಿನ ಮೇಲಿಳಿಯುವ ವಿಮಾನ, ಮುಂದೆ ಬಾಗ್ದಾದ್, ಬಸ್ರಾಗಳ ಮೇಲೆ ಮತ್ತೊಂದು ವಿಮಾನ. ಪ್ರಯಾಣಿಕನನ್ನು ಅವನ ಸಾಮಾನಿನೊಡನೆ ತಕ್ಕಡಿಗೆ ಹತ್ತಿಸುತ್ತಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಸಾದಲ್ಲಿ ಆದ ಒಪ್ಪಂದವು ಟಿಕೇಟಿನಲ್ಲಿಯೂ ಸಾಮಾನಿನ ಚೀಟಿಯಲ್ಲಿಯೂ ಏನೇನು ಬರೆದಿರಬೇಕು, ಸಾಮಾನು ಕಳೆದರೆ ಹೊಣೆ ಯಾರದು ಎಂಬುದನ್ನು ನಿರ್ಣಯಿಸಿತು. ಇಂದು ಸಾಮಾನಿಗೆ ಅಂಟಿಸಿ ಕೊಡುವ ತುಂಡುಕಾಗದವನ್ನು ಪ್ರಯಾಣಿಕನು ಊರು ಸೇರುವವರೆಗೆ ಜೋಪಾನವಾಗಿಟ್ಟುಕೊಳ್ಳಬೇಕೆಂಬ ಹಿರಿಯರ ಬುದ್ಧಿವಾದಕ್ಕೆ ಮೂಲವು ಇಲ್ಲಿದೆ.

ಕನ್ನಡದ ನೆಲಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲನ್ನು ಹೊತ್ತು ತಂದರು. ಅಲ್ಲಿಂದ ಮದರಾಸಿನವರೆಗಿನ ದಾರಿಯನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟರು ಬಳ್ಳಾರಿಯ ಮೂಲಕ ಹಾರಿದರು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯು ಹೀಗೆ ಈ ವಾಯುಮಾರ್ಗದ ಒಂದು ತಂಗುದಾಣವಾಯಿತು. ಇದೇ ಸಾಹಸವು ಬೆಳೆದು, 1948ನೆಯ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನವು 35 ಜನ ಪ್ರಯಾಣಿಕರೊಡನೆ ಮುಂಬಯಿಯಿಂದ ಕೈರೋ, ಜಿನೀವಾಗಳ ಮೇಲೆ ಲಂಡನ್ನಿಗೆ ಹಾರಿತು. ಸ್ವತಂತ್ರ ಭಾರತದ ಪ್ರಜೆಗೆ ತನ್ನದೇ ದೇಶದ ವಿಮಾನದಲ್ಲಿ ಪರದೇಶಕ್ಕೆ ಹೋಗುವ ಯೋಗವು ಅಂದು ಲಭಿಸಿತು.

ಯೋಗವೇನೋ ಲಭಿಸಿತು, ಆದರೆ ವಿಮಾನದ ಬಾಗಿಲನ್ನು ಸೇರುವುದಕ್ಕೆ ಮುಂಚೆ ದಾಟಬೇಕಾದ ಬಾಗಿಲುಗಳು ಹಲವಿದ್ದುವು. ಅವುಗಳಲ್ಲಿ ಮೂರನ್ನು ಇಲ್ಲಿ ವಿವರಿಸಿದರೆ ಸಾಕು.

ಮೊದಲನೆಯದು ರೋಗಭಯದ ಬಾಗಿಲು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣವಿದ್ದಾಗ ಸಾಂಕ್ರಾಮಿಕ ರೋಗವು ದಾರಿಯಲ್ಲಿಯೇ ಹೊರಬೀಳುತ್ತಿದ್ದಿತು. ರೇವಿನಲ್ಲಿ ಹಡಗನ್ನು ತಡೆದು ನಿಲ್ಲಿಸಬಹುದಾಗಿತ್ತು. ವಿಮಾನದ ವೇಗದಲ್ಲಿಯಾದರೋ ರೋಗಿಗೆ ತಾನು ರೋಗಿಯೆಂಬುದು ತಿಳಿಯುವುದರೊಳಗಾಗಿ ಅವನು ಬೇರೊಂದು ಖಂಡದಲ್ಲಿರುತ್ತಾನೆ. ಈ ಕಾರಣದಿಂದ 1933ರಲ್ಲಿ ವಾಯುಸಂಚಾರಕ್ಕೆಂದೇ ಪ್ರತ್ಯೇಕವಾದ ಆರೋಗ್ಯದ ಒಪ್ಪಂದವೊಂದು ಹೇಗ್ ನಗರದಲ್ಲಿ ಆಯಿತು. ಸಿಡುಬಿಗೆ ದೇವಿ ಹಾಕಿಸಿಕೊಂಡ ಪತ್ರವನ್ನು ಪ್ರಯಾಣಿಕರು ಬಹುಕಾಲ ರಹದಾರಿಯ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. 1980ರಲ್ಲಿ ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ಸಾರಿದ ಬಳಿಕ ಆ ಪತ್ರವು ಚರಿತ್ರೆಗೆ ಸೇರಿತು. ಹಳದಿ ಜ್ವರದ ಪತ್ರವು ಮಾತ್ರ ಉಳಿದಿದೆ. ಈ ಜ್ವರವು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾಗಳಲ್ಲಿ ಉಂಟು, ಭಾರತದಲ್ಲಿಲ್ಲ. ಅದನ್ನು ಹರಡುವ ಸೊಳ್ಳೆಯು ಮಾತ್ರ ಇಲ್ಲಿ ಹೇರಳವಾಗಿದೆ. ಆದುದರಿಂದಲೇ ಭಾರತ ಸರ್ಕಾರವು ಈ ವಿಷಯದಲ್ಲಿ ಅತಿ ಕಟ್ಟುನಿಟ್ಟು. ಕೀನ್ಯಾದಂತಹ ದೇಶದ ಅರಣ್ಯಗಳನ್ನು ನೋಡಿ ಬರುವವನಲ್ಲಿ ಸರಿಯಾದ ಪತ್ರವಿಲ್ಲದಿದ್ದರೆ ಅವನನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಚುಚ್ಚುಮದ್ದು ಸರ್ಕಾರವು ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆಯೇ ಪತ್ರಕ್ಕೆ ಬೆಲೆ ಬರುತ್ತದೆ. ಹೊರಡುವ ಹಿಂದಿನ ದಿನ ವೈದ್ಯನ ಬಳಿಗೆ ಓಡುವವನಿಗೆ ಇದರಿಂದ ಫಲವಿಲ್ಲ. ಒಮ್ಮೆ ಪಡೆದ ಪತ್ರವು ಜೀವಮಾನವಿಡೀ ಸಲ್ಲುವುದೆಂದು 2016ರಿಂದ ಅಂಗೀಕೃತವಾಗಿರುವುದೊಂದು ಸಮಾಧಾನ.

ಎರಡನೆಯದು ಹಣದ ಬಾಗಿಲು. 1947ರ ವಿದೇಶೀ ವಿನಿಮಯ ನಿಯಂತ್ರಣ ಶಾಸನದ ಕಾಲದಿಂದ ಪರದೇಶದ ನಾಣ್ಯವು ಬಹು ದುರ್ಲಭವಾಯಿತು. ಕೈಯಲ್ಲಿ ರೂಪಾಯಿ ಇದ್ದವನು ಕೂಡ, ರಿಸರ್ವ್ ಬ್ಯಾಂಕಿನ ಕಟ್ಟಳೆಗೊಳಪಟ್ಟ 'ಪಿ' ನಮೂನೆಯ ಅರ್ಜಿಯು ಮಂಜೂರಾಗದೆ ವಿಮಾನದ ಟಿಕೇಟನ್ನು ಕೊಳ್ಳುವಂತಿರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕಾಕ್ಕೆ ಓದಲು ಹೊರಟ ವಿದ್ಯಾರ್ಥಿಗಳು ಜೇಬಿನಲ್ಲಿ ಎಂಟೇ ಡಾಲರುಗಳನ್ನಿಟ್ಟುಕೊಂಡು ಹೋದ ಕಥೆಯನ್ನು ಕನ್ನಡದ ಎಷ್ಟೋ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಆ ಎಂಟು ಡಾಲರುಗಳಲ್ಲಿ ನಿಲ್ದಾಣದಿಂದ ಊರೊಳಗೆ ಹೋಗುವ ಖರ್ಚು ಕಳೆದರೆ ಉಳಿಯುವುದೆಷ್ಟು! ಬರಮಾಡಿಕೊಳ್ಳುವವರಿಗೆ ತಿಂಗಳುಗಳ ಮೊದಲೇ ಕಾಗದ ಬರೆದು ಏರ್ಪಾಡು ಮಾಡಿಕೊಳ್ಳದೆ ಹೋದವನ ಪಾಡು ಕಷ್ಟವೇ ಆಗುತ್ತಿದ್ದಿತು. ಈ ಬಿಗಿಯು ಕ್ರಮೇಣ ಸಡಿಲವಾಯಿತು. 2004ರಲ್ಲಿ ವರ್ಷಕ್ಕೆ 25,000 ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದಾದ ಯೋಜನೆ ಬಂದು, 2015ರಲ್ಲಿ ಆ ಮಿತಿಯು 2,50,000 ಡಾಲರುಗಳಿಗೇರಿತು.

ಮೂರನೆಯದೂ ಎಲ್ಲಕ್ಕಿಂತ ಗುರುತರವಾದುದೂ ರಹದಾರಿಯ ಬಾಗಿಲೇ. ಗಣರಾಜ್ಯವು ಸ್ಥಾಪಿತವಾಗಿ ಹದಿನೇಳು ವರ್ಷಗಳವರೆಗೂ, ಯಾರಿಗೆ ರಹದಾರಿ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದಕ್ಕೆ ಭಾರತದಲ್ಲಿ ಶಾಸನವೇ ಇರಲಿಲ್ಲ. ಅದು ಸರ್ಕಾರದ ಇಚ್ಛೆಗೆ ಸೇರಿದ ಅನುಗ್ರಹವೆಂದು ಅಧಿಕಾರಿಗಳು ಭಾವಿಸುತ್ತಿದ್ದರು. ಬೇಡವೆಂದರೆ ಕಾರಣವನ್ನು ಹೇಳಬೇಕಾಗಿರಲಿಲ್ಲ. ಮಗನ ಓದೋ ಮಗಳ ಬಾಣಂತನವೋ ವ್ಯಾಪಾರವೋ ಏನೇ ಇರಲಿ, ಎಷ್ಟು ಮುಂಚಿತವಾಗಿ ಸಿದ್ಧನಾದವನಿಗೂ ಒಂದು ಮಾತಿನಿಂದ ದಾರಿ ಮುಚ್ಚಿಹೋಗಬಹುದಾಗಿತ್ತು. ಕೌಟಿಲ್ಯನ ಮುದ್ರಾಧ್ಯಕ್ಷನಾದರೂ ಒಂದು ಮಾಷವನ್ನು ತೆಗೆದುಕೊಂಡು ಮುದ್ರೆ ಒತ್ತುತ್ತಿದ್ದನು!

ಈ ಅನ್ಯಾಯವನ್ನು ಪ್ರಶ್ನಿಸಿದವರು ಸಾಮಾನ್ಯ ಪ್ರಜೆಗಳು. ಅದಕ್ಕೆ ಕಿವಿಗೊಟ್ಟ ನ್ಯಾಯಾಲಯಗಳಲ್ಲಿ ಮೈಸೂರಿನ ಹೈಕೋರ್ಟೂ ಒಂದೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಪರದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿಯು ಕಾಪಾಡುವ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು 1965ರಲ್ಲಿಯೇ ಈ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಕೇರಳ, ಮುಂಬಯಿಗಳ ಹೈಕೋರ್ಟುಗಳದೂ ಇದೇ ಮತ, ದೆಹಲಿಯದು ಭಿನ್ನವಾಗಿತ್ತು. ಕೊನೆಗೆ 1967ನೆಯ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಸಿಂಗ್ ಸಾಹ್ನಿ ಎಂಬವರ ಮೊಕದ್ದಮೆಯಲ್ಲಿ, ಮುಖ್ಯ ನ್ಯಾಯಾಧೀಶ ಕೆ. ಸುಬ್ಬರಾಯರನ್ನೊಳಗೊಂಡ ಮೂವರ ಬಹುಮತದಿಂದ, ಶಾಸನದ ಆಧಾರವಿಲ್ಲದೆ ಸರ್ಕಾರವು ಯಾರ ಪ್ರಯಾಣವನ್ನೂ ತಡೆಯಲಾಗದೆಂದು ತೀರ್ಪಿತ್ತಿತು. ಇಬ್ಬರು ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ. ಎಂದರೆ ಒಂದೇ ಮತ ಅತ್ತಿತ್ತ ಆಗಿದ್ದರೂ ಬಾಗಿಲು ಮುಚ್ಚಿಯೇ ಇರುತ್ತಿದ್ದಿತು. ಆ ವರ್ಷದ ಜೂನ್ 24ರಂದು ರಹದಾರಿಗಳ ಶಾಸನವು ಜಾರಿಗೆ ಬಂದಿತು. ನಿರಾಕರಿಸುವ ಅಧಿಕಾರಿಯು ಕಾರಣಗಳನ್ನು ಬರೆದಿಡಬೇಕೆಂದೂ, ಅದರ ಮೇಲೆ ಅಪೀಲು ಮಾಡಬಹುದೆಂದೂ ಅದರಲ್ಲಿ ವಿಧಿಸಲಾಯಿತು. ರಹದಾರಿಯನ್ನು ಕಿತ್ತುಕೊಳ್ಳುವ ಕ್ರಮವೂ ನ್ಯಾಯಸಮ್ಮತವಾಗಿರಬೇಕೆಂದು 1978ನೆಯ ಜನವರಿಯಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಸ್ಪಷ್ಟಪಡಿಸಿತು.

ಬಾಗಿಲು ಹೀಗೆ ತೆರೆದ ಬಳಿಕ ಪರದೇಶಯಾನವು ಅರಸರಿಗೂ ಪದವೀಧರರಿಗೂ ಮಾತ್ರ ಮೀಸಲಾಗಿ ಉಳಿಯಲಿಲ್ಲ. ವಯಸ್ಸಾದವರೂ ಹೊರಟರು. ಎ. ಎನ್. ಮೂರ್ತಿರಾಯರು ತಮ್ಮ ಪ್ರವಾಸಗ್ರಂಥಕ್ಕೆ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದೇ ಹೆಸರಿಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಇಂದು ಜಿಲ್ಲೆಯ ಸಣ್ಣ ಊರುಗಳಿಂದಲೂ ತಂದೆತಾಯಿಗಳು ಮಕ್ಕಳಿರುವ ದೇಶಗಳಿಗೆ ಹೋಗಿಬರುತ್ತಾರೆ. ಬೇಸಿಗೆಯ ರಜೆಗೆ ಸಂಸಾರಸಮೇತರಾಗಿ ವಿಹಾರಕ್ಕೆ ಹೋಗುವವರೂ ಹಲವರು.

ಆದರೆ ಹಕ್ಕು ದೊರೆತ ಮಾತ್ರಕ್ಕೆ ಸಿದ್ಧತೆಯ ಹೊರೆ ತಪ್ಪಲಿಲ್ಲ. ಅನುಗ್ರಹದ ಕಾಲದಲ್ಲಿ ಮನುಷ್ಯನು ಅಧಿಕಾರಿಯ ಮುಖವನ್ನು ನೋಡಬೇಕಾಗಿದ್ದಿತು. ಹಕ್ಕಿನ ಕಾಲದಲ್ಲಿ ತನ್ನ ಪತ್ರಗಳ ಮುಖವನ್ನು ನೋಡಿಕೊಳ್ಳಬೇಕಾಗಿದೆ. ಮುಖ್ಯವಾಗಿ ತೊಡಕು ಬರುವುದು ಹೆಸರಿನಲ್ಲಿ. ಕನ್ನಡಿಗರ ಹೆಸರಿಗೆ ಹಿಂದೆ ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ. ಮನೆತನದ ಹೆಸರೆಂಬುದು ಎಷ್ಟೋ ಮಂದಿಗಿಲ್ಲ. ರಹದಾರಿಯ ನಮೂನೆಯಾದರೋ ಹೆಸರಿಗೊಂದು, ಮನೆತನಕ್ಕೊಂದು ಎಂದು ಎರಡು ಅಂಕಣಗಳನ್ನು ಕೇಳುತ್ತದೆ. ಅಕ್ಷರಗಳನ್ನು ಬಿಡಿಸಿ ಬರೆಯಬೇಕೆನ್ನುತ್ತದೆ. ಒಂದೇ ಹೆಸರಿನ ರಹದಾರಿಯನ್ನು ಹೊಂದಿ ವಿಹಾರಕ್ಕೆ ಬರುವವರನ್ನು ಒಳಗೆ ಬಿಡುವುದಿಲ್ಲವೆಂದು ಅರಬ್ ಸಂಯುಕ್ತ ಸಂಸ್ಥಾನಗಳು 2022ನೆಯ ನವೆಂಬರಿನಲ್ಲಿ ವಿಧಿಸಿದುವು. ಟಿಕೇಟಿನಲ್ಲಿ ಒಂದು ಬಗೆ, ರಹದಾರಿಯಲ್ಲಿ ಇನ್ನೊಂದು ಬಗೆ ಇದ್ದರೆ ನಿಲ್ದಾಣದಲ್ಲಿಯೇ ನಿಲ್ಲಬೇಕಾದೀತು. ಹಿರಿಯರ ಹುಟ್ಟಿದ ದಿನವೂ ಹೀಗೆಯೇ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಉಪಾಧ್ಯಾಯರು ಅಂದಾಜಿನಿಂದ ಒಂದು ತಾರೀಖನ್ನು ದಾಖಲೆಯಲ್ಲಿ ಬರೆದುಕೊಳ್ಳುತ್ತಿದ್ದುದುಂಟು, ಜಾತಕದಲ್ಲಿರುವುದು ಬೇರೆ. ಐವತ್ತು ಅರವತ್ತು ವರ್ಷಗಳ ತರುವಾಯ ಈ ಎರಡೂ ಒಂದಕ್ಕೊಂದು ಎದುರು ನಿಂತು, ಮೊಮ್ಮಗುವನ್ನು ನೋಡಲು ಹಂಬಲಿಸುವ ಅಜ್ಜಿಯನ್ನು ಕಚೇರಿಯಿಂದ ಕಚೇರಿಗೆ ಅಲೆಯಿಸುತ್ತವೆ. ತಿದ್ದುಪಡಿಗೆ ತಿಂಗಳುಗಳು ಬೇಕು. ಟಿಕೇಟು ಕೊಂಡ ಮೇಲೆ ಈ ಕೆಲಸಕ್ಕೆ ಕೈಯಿಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ರಹದಾರಿಯ ಆಯುಸ್ಸನ್ನೂ ನೋಡಿಕೊಳ್ಳಬೇಕು. ಅನೇಕ ದೇಶಗಳು ಅದರಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಕೈಬರಹದ ಹಳೆಯ ರಹದಾರಿಗಳು 2015ನೆಯ ನವೆಂಬರ್ 24ರಿಂದ ಪರದೇಶಯಾನಕ್ಕೆ ಸಲ್ಲದಾದುವು. ಯೂರೋಪಿನ ಶೆಂಗೆನ್ ಒಕ್ಕೂಟದ ದೇಶಗಳಿಗೆ ವೀಸಾ ಬೇಕಾದರೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡಬಾರದು. ಆ ಒಕ್ಕೂಟದಿಂದ ಹೊರಡುವ ದಿನಕ್ಕೆ ರಹದಾರಿಯ ಅವಧಿ ಮೂರು ತಿಂಗಳಾದರೂ ಮಿಕ್ಕಿರಬೇಕು. ಚಿಕಿತ್ಸೆಯ ವೆಚ್ಚಕ್ಕೆ 30,000 ಯೂರೋಗಳಿಗೆ ಕಡಮೆಯಿಲ್ಲದ ವಿಮೆಯೂ ಇರಬೇಕು. ಇವುಗಳನ್ನೆಲ್ಲ ಲೆಕ್ಕಹಾಕಿದರೆ, ಚೈತ್ರದಲ್ಲಿ ಹೊರಡತಕ್ಕವನು ಆಶ್ವಯುಜದಲ್ಲಿಯೇ ಪೆಟ್ಟಿಗೆಯಿಂದ ರಹದಾರಿಯನ್ನು ಹೊರತೆಗೆದು ಓದಬೇಕೆಂದು ತೋರುತ್ತದೆ.

ಹಿಂದಿನವರು ಕಾಶಿಗೆ ಹೊರಡುವಾಗ ಸಾಲ ತೀರಿಸಿ, ಜಮೀನಿನ ವ್ಯವಸ್ಥೆ ಮಾಡಿ, ಬಂಧುಗಳಲ್ಲಿ ಹೇಳಿಹೋಗುತ್ತಿದ್ದರು; ಹಿಂದಿರುಗುವ ಭರವಸೆ ಇರಲಿಲ್ಲವಾದ್ದರಿಂದ ಅವರ ಸಿದ್ಧತೆಯು ಮನೆಯ ಕಡೆಗೆ ಮುಖಮಾಡಿದ್ದಿತು. ಇಂದಿನ ಯಾತ್ರಿಕನಿಗೆ ಹಿಂದಿರುಗುವುದು ನಿಶ್ಚಯ. ಹಿಂದಿರುಗುವ ಟಿಕೇಟು ಕೂಡ ಅವನ ಜೇಬಿನಲ್ಲಿಯೇ ಇದೆ. ಅವನ ಸಿದ್ಧತೆಯೆಲ್ಲ ಅಪರಿಚಿತನೊಬ್ಬನೆದುರಿಗೆ ತಾನು ಇಂತಹವನೇ ಎಂದು ರುಜುವಾತುಪಡಿಸುವುದಕ್ಕಾಗಿ. ಇದು ಕೆಲವರಿಗೆ ಕಿರುಕುಳವಾಗಿ ತೋರಬಹುದು. ಆದರೂ, ಕಾರಣ ಹೇಳದೆ ಬಾಗಿಲು ಮುಚ್ಚುತ್ತಿದ್ದ ಕಾಲವನ್ನು ಬಲ್ಲವರು ಈ ಕಿರುಕುಳದಲ್ಲಿ ಒಂದು ಮರ್ಯಾದೆಯನ್ನೂ ಕಾಣುತ್ತಾರೆ. ಪತ್ರಗಳು ಸರಿಯಾಗಿದ್ದರೆ ಇಂದು ಯಾರ ಮನೆಯ ಅಜ್ಜಿಯನ್ನೂ ಸ್ವದೇಶದ ಗಡಿಯಲ್ಲಿ ನಿಷ್ಕಾರಣವಾಗಿ ತಡೆದು ನಿಲ್ಲಿಸಲು ಅಧಿಕಾರಿಗೆ ಅಧಿಕಾರವಿಲ್ಲ. ಈ ಹಕ್ಕನ್ನು ಗಳಿಸಿಕೊಡಲು ಕೆಲವರು ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿದರು. ಅದನ್ನು ಅನುಭವಿಸುವವರು ಆರು ತಿಂಗಳು ಮೊದಲೇ ತಮ್ಮ ಕಾಗದದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಸಾಕು.